ಆರನೇ ಕ್ಯಾಬಿನಿನ ಮಾತು

ಸ್ವಿಚ್ಚು ಅಂದರೆ ಗೋಡೆಯಲ್ಲಿರುವುದು, ಒತ್ತಿದರೆ ಲೈಟು ಹತ್ತುವುದು. ಶರೀಫಣ್ಣನಿಗೆ ಗೊತ್ತಿದ್ದದ್ದು ಅಷ್ಟೇ. ಮಂಗಳೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಕಂಪೆನಿಯ ಕುರ್ಚಿ ಮೇಜುಗಳನ್ನು ಕೊಳ್ಳಲು ಹೋದವರಿಗೆ ಅದರೊಟ್ಟಿಗೆ ಒಂದು ಚಪ್ಪಟೆ ಕಬ್ಬಿಣದ ಪೆಟ್ಟಿಗೆಯೂ ಸಿಕ್ಕಿತು. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಬೆಳ್ತಂಗಡಿ ಪೇಟೆಯ ತಮ್ಮ ಬಟ್ಟೆ ಅಂಗಡಿಯ ಮಾಳಿಗೆ ಹತ್ತಿ ಬಂದು, ದೀಪಶ್ರೀಯ ಮೇಜಿನ ಮೇಲೆ ಇಟ್ಟರು.

"ಇದು ಸ್ವಿಚ್ಚಂತೆ. ಸಾಮಾನ್ಯದ್ದಲ್ಲ, ಹೇಳಿದ ಹಾಗೆ ಕೇಳುವಂಥದ್ದಂತೆ."

"ಯಾರು ಹೇಳಿದ ಹಾಗೆ?"

"ನೀನು ಹೇಳಿದ ಹಾಗೆ. ನಾನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಬೆಕ್ಕು ಸಹ ಕೇಳುವುದಿಲ್ಲ."

ಆ ಮಾಳಿಗೆಯಲ್ಲಿ ಶರೀಫಣ್ಣ ತಮ್ಮ ಮಗಳ ಹೆಸರಿನಲ್ಲಿ ‘ಹನಾ ಇಂಟರ್ನೆಟ್ ಸೆಂಟರ್’ ನಡೆಸುತ್ತಿದ್ದರು. ನಡೆಸುತ್ತಿದ್ದವಳು ನಿಜವಾಗಿ ದೀಪಶ್ರೀ. ಗರ್ಡಾಡಿಯ ತುಕ್ರಪ್ಪನ ಮಗಳು, ಟೈಪಿಂಗ್ ಕಲಿಯಲು ಹೋಗಿ ಕಂಪ್ಯೂಟರ್ ಕಲಿತವಳು. ಎಂಟು ಕಂಪ್ಯೂಟರು, ಇಂಟರ್ನೆಟ್ಟಿಗೆ ಒಂದೇ ಲೈನು, ಆ ಲೈನನ್ನು ಎಂಟಕ್ಕೂ ಹಂಚಲು ಒಂದು ಪ್ಲಾಸ್ಟಿಕ್ ಡಬ್ಬ. ಆ ಡಬ್ಬಕ್ಕೆ ನ್ಯಾಯ ಅನ್ಯಾಯ ಗೊತ್ತಿರಲಿಲ್ಲ. ಒಬ್ಬ ಸಿನಿಮಾ ಇಳಿಸಲು ಕೂತರೆ ಉಳಿದವರೆಲ್ಲ ಬಾವಿಯ ತಳದ ನೀರಿಗೆ ಕೊಡಪಾನ ಬಿಟ್ಟ ಹಾಗೆ ಕಾಯಬೇಕು. ಹೊಸ ಪೆಟ್ಟಿಗೆ ಹಾಗಲ್ಲ. ಯಾವ ತೂತಿಗೆ ಎಷ್ಟು ವೇಗ, ಯಾರು ಮುಂದೆ, ಯಾರು ಹಿಂದೆ ಎಂದು ಅದಕ್ಕೆ ಹೇಳಿಕೊಡಬಹುದಿತ್ತು.

ಹೇಳಿಕೊಡುವುದು ಹೇಗೆ ಎಂಬುದೇ ಕಷ್ಟ. ಹಳೆಯ ಕಂಪೆನಿಯವರ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ದೀಪಶ್ರೀ ನೆಟ್ಟಿನಿಂದಲೇ ಅದರ ಕೈಪಿಡಿ ಇಳಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದಳು. ಎದುರಿನ ಗುಂಡಿಯನ್ನು ಒತ್ತಿ ಹಿಡಿದೇ ಕರೆಂಟು ಕೊಟ್ಟರೆ ಪೆಟ್ಟಿಗೆ ತನ್ನ ಹಳೆಯ ಸಂಸಾರವನ್ನೆಲ್ಲ ಮರೆತು ಹೊಸದಾಗಿ ಏಳುತ್ತದೆ ಎಂದು ಗೊತ್ತಾಯಿತು. ಎದ್ದ ಮೇಲೆ ಅದಕ್ಕೊಂದು ವಿಳಾಸ ಕೊಟ್ಟಳು, ಪೋರ್ಟು ಎನ್ನುವ ಆ ತೂತುಗಳಿಗೆ ಒಂದೊಂದೇ ಹೆಸರಿಟ್ಟಳು. ಅಷ್ಟಾಗುವಾಗ ಕರೆಂಟು ಹೋಯಿತು. ಮತ್ತೆ ಬಂದ ಮೇಲೆ ನೋಡಿದರೆ ಪೆಟ್ಟಿಗೆಗೆ ಒಂದೂ ನೆನಪಿಲ್ಲ. ಹೇಳಿದ್ದನ್ನೆಲ್ಲ ಕೊನೆಗೆ ‘ಬರೆದಿಟ್ಟುಕೋ’ ಎಂದು ಬೇರೆಯೇ ಹೇಳಬೇಕಂತೆ.

"ನಿಮ್ಮ ಹಾಗೆಯೇ ಶರೀಫಣ್ಣ," ಎಂದಳು. "ಬರೆಸಿಡದಿದ್ದರೆ ಮರೆತೇ ಹೋಗ್ತದೆ."

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಒಂದೇ ಕೇಬಲ್ಲಿನ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ, ಹೊರಟ ಮಾತು ಸುತ್ತಿ ಬಂದು ಅದರೊಳಗೇ ತಿರುಗಿ ತಿರುಗಿ ಇಡೀ ಸೆಂಟರಿನ ಉಸಿರು ಕಟ್ಟಿಸುತ್ತದೆ. ಅದನ್ನು ತಡೆಯಲು ಆ ಪೆಟ್ಟಿಗೆಯಲ್ಲಿ ಒಂದು ಕಾವಲು ಇತ್ತು. ಆದರೆ ಆ ಕಾವಲು ಪ್ರತಿ ಕಂಪ್ಯೂಟರನ್ನೂ ಆನ್ ಮಾಡಿದಾಗ ಸುಮಾರು ಹೊತ್ತು ಬಾಗಿಲಲ್ಲಿ ನಿಲ್ಲಿಸಿ ಯಾರು ಏನು ಎಂದು ವಿಚಾರಿಸುತ್ತಿತ್ತು. ಗಿರಾಕಿಗಳು ರಗಳೆ ಮಾಡಿದರು. ಇಲ್ಲಿ ಎರಡು ತುದಿ ಸಿಕ್ಕಿಸುವವರು ಯಾರು ಎಂದು ದೀಪಶ್ರೀ ಅದನ್ನು ತೆಗೆದುಹಾಕಿ, ಬರೆಸಿಟ್ಟಳು.

ಮೂಲೆಯ ಆರನೇ ಕಂಪ್ಯೂಟರಿಗೆ ಮಾತ್ರ ಪ್ಲೈವುಡ್ಡಿನ ಕ್ಯಾಬಿನ್ನು, ಬಾಗಿಲು. ಗಲ್ಫಿನಲ್ಲಿರುವ ಗಂಡಂದಿರೊಡನೆ ಹೆಂಗಸರು ಮಾತಾಡಲಿ ಎಂದು ಮಾಡಿಸಿದ್ದು. ಪ್ಲೈವುಡ್ಡು ಎಷ್ಟು ದಪ್ಪ ಇರುತ್ತದೆ ನಿಮಗೇ ಗೊತ್ತು. ಒಳಗಿನ ಮಾತು ಹೊರಗಿನ ಬೆಂಚಿನವರೆಗೆ ಸಲೀಸಾಗಿ ಬರುತ್ತಿತ್ತು. ಆ ಬೆಂಚಿನ ಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನ ಗುರುವಾಯನಕೆರೆಯ ಅವ್ವಮ್ಮ ಬಂದು ಕೂರುತ್ತಿದ್ದರು. ಒಳಗೆ ಅವರ ಸೊಸೆ ರಹ್ಮತ್, ಗಲ್ಫಿನ ದಮಾಮಿನಲ್ಲಿದ್ದ ಗಂಡ ಅಬ್ದುಲ್ ರಹಿಮಾನನೊಡನೆ ಮಾತಾಡುತ್ತಿದ್ದಳು.

ಅವ್ವಮ್ಮನಿಗೆ ಒಂದು ಕಿವಿ ಚಿಕ್ಕಂದಿನಿಂದಲೇ ಮಂದ. ಒಂದು ಸಲ ಅವರ ತಲೆಗೂ ಹೆಡ್‌ಫೋನ್ ಏರಿಸಿ ಮಗನ ಮಾತು ಕೇಳಿಸಿದ್ದರು. ಅವರು ಕೂಡಲೇ ತೆಗೆದುಕೊಟ್ಟರು.

"ಇದು ನನ್ನ ಮಗನ ಸ್ವರ ಅಲ್ಲ ಮಗಾ, ಡಬ್ಬದೊಳಗೆ ಯಾರನ್ನೋ ಹಾಕಿದ ಹಾಗೆ ಉಂಟು. ರಹ್ಮತ್ ಮಾತಾಡಲಿ. ಅವಳ ಮಾತಿನಲ್ಲಿಯೇ ಅವನು ನನಗೆ ಸರಿಯಾಗಿ ಕೇಳ್ತಾನೆ."

ಆಮೇಲೆ ಅದೇ ರೂಢಿಯಾಯಿತು. ರಹ್ಮತ್ ಒಳಗಿನಿಂದ ಬ್ಯಾರಿ ಭಾಷೆಯಲ್ಲಿ "ಹಾಂ, ಉಮ್ಮನ ಮಂಡಿಯಾ? ಈಗ ಅಡ್ಡಿಲ್ಲ" ಎಂದರೆ, ಮಗ ತನ್ನ ಮಂಡಿಯನ್ನು ವಿಚಾರಿಸಿದ ಎಂದು ಅವ್ವಮ್ಮ ಬೆಂಚಿನಲ್ಲೇ ಮಂಡಿ ಸವರಿಕೊಳ್ಳುತ್ತಿದ್ದರು. ದೀಪಶ್ರೀಯ ಮನೆಮಾತು ತುಳು. ಬ್ಯಾರಿ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಅತ್ತೆಯನ್ನು ಮಾಮಿ ಎನ್ನುವುದು ಬ್ಯಾರಿಗಳಲ್ಲಿ ವಾಡಿಕೆ. ರಹ್ಮತ್ ಮಾತ್ರ ಉಮ್ಮ, ಅಂದರೆ ಅಮ್ಮ ಎಂದೇ ಕರೆಯುತ್ತಿದ್ದಳು. ಅವಳನ್ನು ಹೆತ್ತ ತಾಯಿ ಬಹಳ ಹಿಂದೆಯೇ ತೀರಿಹೋಗಿ, ಮೂಡುಬಿದಿರೆಯಲ್ಲಿ ಅಣ್ಣ ಹಸೈನಾರ್ ಸಾಕಿ ಮದುವೆ ಮಾಡಿಕೊಟ್ಟಿದ್ದ. ಮದುವೆಯಾಗಿ ಗಂಡನೊಟ್ಟಿಗೆ ಇದ್ದದ್ದಕ್ಕಿಂತ ಅವಳು ಅತ್ತೆಯೊಟ್ಟಿಗೆ ಇದ್ದದ್ದೇ ಹೆಚ್ಚು.

ಹೊಸ ಸ್ವಿಚ್ಚು ಬಂದ ಮೇಲೆ ದೀಪಶ್ರೀ ಆರನೇ ಪೋರ್ಟಿಗೆ ‘ಉಮ್ಮ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಳು. ಶುಕ್ರವಾರ ಮಧ್ಯಾಹ್ನ ಉಳಿದ ಪೋರ್ಟುಗಳ ಲಗಾಮು ಎಳೆದು ಆರನೆಯದಕ್ಕೆ ದಾರಿ ಬಿಡಿಸುತ್ತಿದ್ದಳು.

"ಏನು ದೀಪಶ್ರೀ, ಶುಕ್ರವಾರ ಆದರೆ ನನ್ನ ಕಂಪ್ಯೂಟರಿಗೆ ಉಪವಾಸವಾ?" ಎಂದು ಕೇಳಿದವನು ಜಯಪ್ರಕಾಶ್. ಟ್ಯೂಶನ್ ಕ್ಲಾಸಿನ ಮೇಷ್ಟ್ರು, ಪಾಠ ಮುಗಿದರೆ ಇಲ್ಲಿಯೇ ಠಿಕಾಣಿ.

"ಸರ್, ನೀವು ಸಿನಿಮಾ ನಾಳೆ ನೋಡಿದರೂ ಅದರಲ್ಲಿ ಹೀರೋ ಸಾಯುವುದಿಲ್ಲ."

ಬೆಂಚಿನ ಎದುರಿನ ಶೆಲ್ಫಿನಲ್ಲಿಯೇ ಸ್ವಿಚ್ಚು ಇತ್ತು, ಸಾಲಾಗಿ ಹಸಿರು ಲೈಟು. ಇದು ಏನು ಎಂದು ಅವ್ವಮ್ಮ ಕೇಳಿದ್ದಕ್ಕೆ ದೀಪಶ್ರೀ ಆರನೆಯ ಲೈಟಿನ ಮೇಲೆ ಬೆರಳಿಟ್ಟು ತೋರಿಸಿದ್ದಳು. "ಇದು ನಿಮ್ಮದು ಉಮ್ಮ. ನಿಮ್ಮ ಮಗ ಮಾತಾಡುವಾಗ ಇದು ಮಿನುಗ್ತದೆ." ಅಂದಿನಿಂದ ಮುದುಕಿಯ ಕಿವಿ ಪ್ಲೈವುಡ್ಡಿನ ಕಡೆಗೆ, ಕಣ್ಣು ಆ ಲೈಟಿನ ಕಡೆಗೆ. ಅದು ಚುರುಕಾಗಿ ಮಿನುಗಿದರೆ, "ಇವತ್ತು ಖುಷಿಯಲ್ಲಿದ್ದಾನೆ" ಎಂದು ನಗುತ್ತಿದ್ದರು.

ಉಪವಾಸದ ತಿಂಗಳು ಹಿಡಿದ ಮೇಲಿನ ಒಂದು ಶುಕ್ರವಾರ ಅವ್ವಮ್ಮ ಕರೆದರು. "ದೀಪು, ಇವನ ಲೈಟು ಯಾಕೆ ಸುಮ್ಮನೆ ಕೂತಿದೆ? ಅವಳು ಮಾತಾಡ್ತಾ ಇದ್ದಾಳಲ್ಲ?"

ದೀಪಶ್ರೀ ನೋಡಿದಳು. ಲೈಟು ಹತ್ತಿತ್ತು, ಮಿನುಗುತ್ತಿರಲಿಲ್ಲ. ಅಂದರೆ ಕೇಬಲ್ಲು ಸರಿ ಇದೆ, ಅದರಲ್ಲಿ ಹೋಗುವುದು ಬರುವುದು ಏನೂ ಇಲ್ಲ. ತನ್ನ ಕಂಪ್ಯೂಟರಿನಲ್ಲಿ ಸ್ವಿಚ್ಚಿನ ಪುಟ ತೆರೆದು ‘ಉಮ್ಮ’ನ ಲೆಕ್ಕ ನೋಡಿದಳು. ಅಂಕೆ ನಿಂತಲ್ಲೇ ನಿಂತಿತ್ತು. ಒಳಗಿನಿಂದ ರಹ್ಮತಳ ಸ್ವರ ಮಾತ್ರ ನಿರಾಳವಾಗಿ ಬರುತ್ತಿತ್ತು: "ಅಲ್ಲಿ ಬಿಸಿಲಿಗೆ ಉಪವಾಸ ಕಷ್ಟವಾ?... ಹಾಂ... ಉಮ್ಮನೂ ಹಿಡಿಯುತ್ತಾರೆ, ಬೇಡ ಅಂದರೆ ಕೇಳಬೇಕಲ್ಲ."

ಪಾಪ, ಆ ಕಡೆಯ ಸ್ವರ ಕಡಿದುಹೋದದ್ದು ಅಕ್ಕನಿಗೆ ಗೊತ್ತಾಗಿಲ್ಲ ಎಂದುಕೊಂಡು ದೀಪಶ್ರೀ ಬಾಗಿಲು ತಟ್ಟಿ ಒಳಗೆ ಹೋದಳು. ಪರದೆಯ ಮೇಲೆ ಮಾತಾಡುವ ಕಿಟಕಿಯೇ ತೆರೆದಿರಲಿಲ್ಲ. ಹಸಿರು ಗುಡ್ಡ, ನೀಲಿ ಆಕಾಶದ ಬರೀ ಚಿತ್ರ. ರಹ್ಮತ್ ಹೆಡ್‌ಫೋನ್ ಹಾಕಿಕೊಂಡು ಅದರ ಎದುರು ಕೂತಿದ್ದಳು. ದೀಪಶ್ರೀಯನ್ನು ಕಂಡಳು. ಮಾತು ಮಾತ್ರ ನಿಲ್ಲಲಿಲ್ಲ. "ಆಯಿತು, ಉಮ್ಮನಿಗೆ ಸಲಾಂ ಹೇಳ್ತೇನೆ" ಎಂದು ಮುಗಿಸಿಯೇ ಹೆಡ್‌ಫೋನ್ ತೆಗೆದಳು.

"ಬಾಗಿಲು ಹಾಕು ದೀಪು."

"ಅಕ್ಕ, ಆ ಕಡೆ ಯಾರೂ..."

"ಇಲ್ಲ. ಮೊದಲು ಬಾಗಿಲು ಹಾಕು."

ಪಿಸುಮಾತಿನಲ್ಲಿ ಹೇಳಿದಳು. ಉಪವಾಸ ಹಿಡಿಯುವುದಕ್ಕೆ ಮೊದಲು ಗಂಡ ಕೊನೆಯ ಸಲ ಲೈನಿಗೆ ಬಂದದ್ದು. ಅಲ್ಲಿ ಬೇರೆ ಮದುವೆಯಾಗಿ ಮನೆ ಮಾಡಿದ್ದಾನಂತೆ. ಇನ್ನು ನೀನು ನಿನ್ನ ದಾರಿ ನೋಡಿಕೋ, ಉಮ್ಮನ ಖರ್ಚಿಗೆ ಕಳಿಸುವುದು ಕಳಿಸ್ತೇನೆ, ಅವರಿಗೆ ನಾನೇ ಹೇಳ್ತೇನೆ ಎಂದನಂತೆ. ಖರ್ಚಿಗೆ ಬರುವುದು ಬರುತ್ತಿತ್ತು. ಹೇಳುವುದನ್ನು ಮಾತ್ರ ಅವನು ಹೇಳಲಿಲ್ಲ.

"ನೀವು ಮೂಡುಬಿದಿರೆಗೆ ತಿಳಿಸಬೇಕಿತ್ತಲ್ಲ ಅಕ್ಕ, ನಿಮ್ಮಣ್ಣನಿಗೆ?"

"ತಿಳಿಸಿದರೆ ಅವನು ಮರುದಿನವೇ ಬಂದು ಕರೆದುಕೊಂಡು ಹೋಗ್ತಾನೆ. ಗಂಡನೇ ಬೇಡ ಅಂದ ಮೇಲೆ ಆ ಮನೆಯಲ್ಲಿ ನಿನಗೇನು ಕೆಲಸ ಅಂತ ಕೇಳ್ತಾನೆ. ಅವನು ಕೇಳುವುದು ತಪ್ಪೂ ಅಲ್ಲ. ನಾನೇನು ಹೇಳಲಿ? ನನಗೆ ಗಂಡ ಬೇಡ, ಅತ್ತೆ ಬೇಕು ಅಂತ ಹೇಳಿದರೆ ಜನ ನಗಾಡ್ತಾರೆ."

ಅವಳೇ ಸ್ವಲ್ಪ ನಕ್ಕಳು. ಆಮೇಲೆ ದೀಪಶ್ರೀಯ ಕೈ ಹಿಡಿದು, "ಉಮ್ಮ ಇರುವಷ್ಟು ದಿನ, ದೀಪು. ಅಷ್ಟೇ. ನನಗೆ ಬೇರೇನೂ ಬೇಡ" ಎಂದಳು.

ದೀಪಶ್ರೀ ಹೊರಗೆ ಬಂದಾಗ ಅವ್ವಮ್ಮ ಕಾದಿದ್ದರು. "ಏನಾಗಿದೆ ಮಗಾ ಲೈಟಿಗೆ?"

"ಏನಿಲ್ಲ ಉಮ್ಮ. ಸ್ವಿಚ್ಚಿಗೆ ಸ್ವಲ್ಪ ನಿದ್ದೆ. ಈಗ ಸರಿಮಾಡ್ತೇನೆ."

ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ‘ಇದ್ದೀಯಾ, ಇದ್ದೀಯಾ’ ಎಂದು ಬಿಡದೆ ಕೂಗಿಸುವ ಒಂದು ಕಮಾಂಡು ಉಂಟು. ಆ ಕಡೆಯದು ಪ್ರತಿ ಸಲವೂ ‘ಇದ್ದೇನೆ’ ಎನ್ನುತ್ತದೆ. ಲೈನು ಸರಿ ಇದೆಯೇ ಎಂದು ನೋಡಲು ಇರುವಂಥದ್ದು. ದೀಪಶ್ರೀ ತನ್ನ ಮೇಜಿನಿಂದ ಆರನೇ ಕಂಪ್ಯೂಟರನ್ನು ಹಾಗೆ ಕೂಗಿಸಿಬಿಟ್ಟಳು. ಶೆಲ್ಫಿನ ಮೇಲೆ ‘ಉಮ್ಮ’ನ ಲೈಟು ಪಟಪಟನೆ ರೆಪ್ಪೆ ಹೊಡೆಯತೊಡಗಿತು.

"ಹಾಂ, ಬಂದ ಬಂದ" ಎಂದರು ಅವ್ವಮ್ಮ.

ಅಂದಿನಿಂದ ಶುಕ್ರವಾರಗಳು ಹಾಗೆಯೇ ನಡೆದವು. ರಹ್ಮತ್ ಒಳಗೆ ಮಾತಾಡುತ್ತಿದ್ದಳು, ದೀಪಶ್ರೀ ಹೊರಗೆ ಲೈಟು ಮಿನುಗಿಸುತ್ತಿದ್ದಳು, ಅವ್ವಮ್ಮ ನಡುವೆ ಕೂತು ಇಬ್ಬರನ್ನೂ ನಂಬುತ್ತಿದ್ದರು. ಉಪವಾಸ ಮುಗಿದು ಬರುವ ಪೆರ್ನಾಲಿನ ಹಬ್ಬಕ್ಕೆ ಮಗ ವಿಶೇಷವಾಗಿ ಸಲಾಂ ಹೇಳಿದ. ಮಂಡಿಗೆ ಹಚ್ಚಲು ಅಲ್ಲಿಯ ಎಣ್ಣೆಯನ್ನು ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ ಎಂದ. ಎಣ್ಣೆ ಬಂದೂ ಬಂತು. ಅದನ್ನು ಕೆಳಗಿನ ಅಂಗಡಿಸಾಲಿನಲ್ಲಿ ಕೊಂಡು ಬಾಟಲಿಯ ಮೇಲಿನ ಚೀಟಿ ಕಿತ್ತವಳು ರಹ್ಮತ್, ಅಂಗಡಿ ತೋರಿಸಿದವಳು ದೀಪಶ್ರೀ.

ಪೆರ್ನಾಲು ಕಳೆದು ಬಂದ ಒಂದು ಶುಕ್ರವಾರ. ಮಳೆಗಾಲ ಮುಗಿಸಿ ಹೋಗುವ ಮಳೆಗೆ ಗುಡುಗು ಜಾಸ್ತಿ. ಮಧ್ಯಾಹ್ನವೇ ಘಟ್ಟದ ಕಡೆ ಕಪ್ಪಾಗಿ, ಒಂದು ಸಿಡಿಲು ಎಲ್ಲೋ ಹತ್ತಿರದಲ್ಲೇ ಬಿತ್ತು. ದೀಪಶ್ರೀಯ ಅಪ್ಪ ತುಕ್ರಪ್ಪನ ಒಂದು ಮಾತಿತ್ತು: ಗುಡುಗಿದರೆ ಮೊದಲು ವೈರು ಕೀಳು, ಆಮೇಲೆ ದೇವರನ್ನು ಕರಿ. ಊರಿಗೆ ಊರೇ ಹಾಗೆ ಮಾಡುವುದು. ಟಿವಿಯ ವೈರು, ಫೋನಿನ ವೈರು, ಯಾವುದನ್ನೂ ಗೋಡೆಯಲ್ಲಿ ಬಿಡುವುದಿಲ್ಲ. ದೀಪಶ್ರೀ ಮೋಡೆಮ್ ಕಿತ್ತಳು, ಸ್ವಿಚ್ಚಿನ ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ಶೆಲ್ಫಿನಿಂದ ಕೆಳಗೆ ಇಳಿಬಿಟ್ಟಳು. ಗುಡುಗು ದೂರ ಹೋಗುವವರೆಗೆ ಎಲ್ಲರೂ ಕಿಟಕಿಯ ಹತ್ತಿರ ನಿಂತು ಮಳೆ ನೋಡಿದರು.

ಮಳೆ ತಗ್ಗಿದ ಮೇಲೆ ಎಲ್ಲವನ್ನೂ ಮತ್ತೆ ಸಿಕ್ಕಿಸಿದಳು. ಟಕ್, ಟಕ್, ಟಕ್. ಕೇಬಲ್ಲುಗಳ ನಡುವೆ ಅವಳು ಲೈನು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಹೆಚ್ಚಿನದೂ ಇತ್ತು. ಅವಸರದಲ್ಲಿ ಅದರ ಒಂದು ತುದಿಯೂ ಸ್ವಿಚ್ಚಿಗೆ ಹೋಯಿತು. ಇನ್ನೊಂದು ತುದಿ ಕೆಳಗೆ ಜೋತಾಡುತ್ತಿತ್ತು. ರಹ್ಮತ್ ಕ್ಯಾಬಿನ್ನಿಗೆ ಹೋದಳು. ದೀಪಶ್ರೀ ಆರನೆಯ ಲೈಟು ಮಿನುಗಿಸಿಟ್ಟು, ಕಾಗದ ಸಿಕ್ಕಿಕೊಂಡಿದ್ದ ಪ್ರಿಂಟರನ್ನು ಬಿಚ್ಚಲು ಆಚೆ ಮೂಲೆಗೆ ಹೋದಳು.

ಅವ್ವಮ್ಮ ಬೆಂಚಿನಿಂದ ಆ ಜೋತಾಡುವ ತುದಿಯನ್ನೇ ನೋಡುತ್ತಿದ್ದರು. ಅವಸರದಲ್ಲಿ ಹುಡುಗಿ ಒಂದನ್ನು ಮರೆತಿದ್ದಾಳೆ. ಯಾರ ಮನೆಯ ಮಾತು ಕಡಿದಿದೆಯೋ. ಮಂಡಿ ಹಿಡಿದು ಎದ್ದರು. ಕೀಳುವುದು, ಹಾಕುವುದು ಎರಡನ್ನೂ ಅವರು ಸಾಕಷ್ಟು ಸಲ ನೋಡಿದ್ದರು. ಖಾಲಿ ತೂತು ಹುಡುಕಿ, ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಟಕ್ ಎನ್ನುವವರೆಗೆ ಒತ್ತಿ ಮತ್ತೆ ಕೂತರು.

ಸ್ವಿಚ್ಚಿನ ಎಲ್ಲ ಲೈಟುಗಳೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗತೊಡಗಿದವು.

"ಹೋಯಿತು," ಎಂದ ಜಯಪ್ರಕಾಶ್. "ದೀಪಶ್ರೀ, ಇವತ್ತು ಪೂರ್ತಿ ಏಕಾದಶಿಯಾ?"

"ನಂದೂ ಹೋಯಿತು" ಎಂದರು ಪಕ್ಕದವರು. ಪ್ರಿಂಟರು ಬಿಟ್ಟು ಬಂದ ದೀಪಶ್ರೀ ತನ್ನ ಪರದೆ ನೋಡಿದಳು. ‘ಇದ್ದೀಯಾ, ಇದ್ದೀಯಾ’ ಎಂಬ ಕೂಗಿಗೆ ಆರನೆಯದು ಉತ್ತರ ಕೊಡುವುದನ್ನು ನಿಲ್ಲಿಸಿತ್ತು. ಸ್ವಿಚ್ಚಿನ ಪುಟವೂ ತೆರೆಯಲಿಲ್ಲ. ಸಿಡಿಲಿಗೆ ಪೆಟ್ಟಿಗೆಯೇ ಹೋಯಿತೋ ಏನೋ ಎಂದು ಗಾಬರಿಯಾಗಿ ಕೆಳಗಿನಿಂದ ಶರೀಫಣ್ಣನನ್ನು ಕರೆದಳು.

ಶರೀಫಣ್ಣ ಅಳತೆಯ ಟೇಪು ಕುತ್ತಿಗೆಯಲ್ಲಿಯೇ ಇದ್ದ ಹಾಗೆ ಹತ್ತಿ ಬಂದರು. ಒಂದೊಂದು ಕಂಪ್ಯೂಟರಿನ ಹತ್ತಿರವೂ ಬಗ್ಗಿ ನೋಡಿದರು.

"ಯಾರಿಗೂ ಇಲ್ಲವಾ?"

"ಒಬ್ಬರಿಗೂ ಇಲ್ಲ ಬ್ಯಾರಿಗಳೇ," ಎಂದ ಜಯಪ್ರಕಾಶ್. "ಸಮಾನತೆ ಅಂದರೆ ಇದೇ."

ಆಗ ಕ್ಯಾಬಿನ್ನಿನೊಳಗಿನಿಂದ ರಹ್ಮತ್ ನಕ್ಕದ್ದು ಕೇಳಿಸಿತು. "ಅಯ್ಯೋ, ಹೌದಾ?... ಊಟ ಆಯಿತಾ? ಏನು ಮಾಡಿದ್ದು?... ಉಮ್ಮನಾ? ಇಲ್ಲೇ ಹೊರಗೆ ಕೂತಿದ್ದಾರೆ. ಗುಡುಗಿಗೆ ಹೆದರಲಿಲ್ಲ, ನಾನೇ ಹೆದರಿದ್ದು."

ಎಲ್ಲರೂ ಆ ಬಾಗಿಲಿನ ಕಡೆ ನೋಡಿದರು. ಜಯಪ್ರಕಾಶನ ಬಾಯಿಗೆ ಬಂದಿದ್ದ ತಮಾಷೆ ಅಲ್ಲಿಯೇ ನಿಂತಿತು.

"ಅವರಿಗೆ ಮಾತ್ರ ಹೇಗೆ ಬರ್ತದೆ?" ಎಂದರು ಶರೀಫಣ್ಣ.

"ಅದು... ಆರನೆಯದು ಬೇರೆ ಲೈನು" ಎಂದಳು ದೀಪಶ್ರೀ.

"ಬೇರೆ ಲೈನು ಎಲ್ಲಿಂದ ಬಂತು ಮಾರಾಯ್ತಿ? ಬಿಲ್ಲು ಕಟ್ಟುವವ ನಾನಲ್ಲವಾ? ಇರುವುದೇ ಒಂದು."

ಹೇಳಿಯಾದ ಮೇಲೆ ಅವರಿಗೂ ಏನೋ ಹೊಳೆದಿರಬೇಕು. ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. ದೀಪಶ್ರೀ ಸ್ವಿಚ್ಚಿನ ಎದುರು ಬಂದು ಕೇಬಲ್ಲುಗಳನ್ನು ತಡವಿದಳು. ಲೈನು ಬೇಗ ಬಂದರೆ ಸಾಕು. ಈ ಮಾತು ಇಲ್ಲಿಯೇ ಹೂತುಹೋದೀತು. ಕೈಗೆ ಆ ಹೆಚ್ಚಿನ ಕೇಬಲ್ಲು ಸಿಕ್ಕಿತು. ಈ ತುದಿಯೂ ಒಳಗೆ, ಆ ತುದಿಯೂ ಒಳಗೆ.

"ಅದು ನಾನು ಹಾಕಿದ್ದು ಮಗಾ," ಎಂದರು ಅವ್ವಮ್ಮ ಬೆಂಚಿನಿಂದ. ಅವರ ಸ್ವರ ತಗ್ಗಿತ್ತು. "ನೀನು ಮರೆತಿದ್ದೆ ಅಂತ. ಅದರಿಂದ ಎಲ್ಲರದ್ದೂ ನಿಂತಿತಾ?"

ದೀಪಶ್ರೀ ಕೇಬಲ್ಲು ಎಳೆದಳು. ಲೈಟುಗಳು ಶಾಂತವಾದವು. "ಇಲ್ಲ ಉಮ್ಮ, ಏನೂ ಆಗಲಿಲ್ಲ."

"ನಾನು ಹಾಕಿದ ಮೇಲೆ ಎಲ್ಲರದ್ದೂ ನಿಂತದ್ದು ಹೌದಲ್ಲ? ಎಲ್ಲರದ್ದೂ?"

ಅವ್ವಮ್ಮ ಎದ್ದು ಹೋಗಿ ಕ್ಯಾಬಿನ್ನಿನ ಬಾಗಿಲು ತೆರೆದರು. ರಹ್ಮತ್ ತಿರುಗಿ ನೋಡಿದಳು. ಅತ್ತೆ ಅವಳ ತಲೆಯಿಂದ ಹೆಡ್‌ಫೋನ್ ತೆಗೆದು, ತಲೆಗೆ ಹೊದ್ದ ತಟ್ಟವನ್ನು ಸರಿಸಿ, ತಮ್ಮ ಒಳ್ಳೆಯ ಕಿವಿಗೆ ಒತ್ತಿ ಹಿಡಿದುಕೊಂಡರು. ಬಹಳ ಹೊತ್ತು ಕೇಳಿದರು. ಆಮೇಲೆ ಮೆಲ್ಲನೆ ಕರೆದರು.

"ಅಬ್ದುಲ್ ರಹಿಮಾನಾ. ಊಟ ಆಯಿತಾ ಮಗಾ?"

ಕಾದರು. ಶರೀಫಣ್ಣ ಯಾರಿಗೂ ಏನೂ ಹೇಳದೆ ಗಿರಾಕಿಗಳನ್ನು ಕಣ್ಣಿನಲ್ಲಿಯೇ ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದರು. ಎಲ್ಲರಿಗಿಂತ ಮೊದಲು ಎದ್ದವನು ಜಯಪ್ರಕಾಶ್. ದೀಪಶ್ರೀಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಶೆಲ್ಫು ಹಿಡಿದು ನಿಂತಳು.

ಅವ್ವಮ್ಮ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. "ಯಾವಾಗಿಂದ?"

"ಉಪವಾಸಕ್ಕೆ ಮೊದಲಿಂದ, ಉಮ್ಮ."

"ಬದುಕಿದ್ದಾನಲ್ಲ?"

"ಇದ್ದಾರೆ. ಚೆನ್ನಾಗಿದ್ದಾರೆ. ಅಲ್ಲಿ ಬೇರೆ ಮನೆ ಮಾಡಿದ್ದಾರೆ."

"ಪೆರ್ನಾಲಿಗೆ ಸಲಾಂ ಹೇಳಿದ್ದು?"

"ನಾನೇ."

"ಮಂಡಿ ವಿಚಾರಿಸಿದ್ದು?"

"ನಾನೇ."

"ಎಣ್ಣೆ?"

ರಹ್ಮತ್ ತಲೆ ತಗ್ಗಿಸಿದಳು.

"ಇವನು ಯಾವಾಗ ಇಷ್ಟು ಒಳ್ಳೆಯವನಾದ ಅಂತ ನಾನೂ ಆಲೋಚನೆ ಮಾಡಿದ್ದೆ," ಎಂದರು ಅವ್ವಮ್ಮ. "ಹೊಟ್ಟೆಯಲ್ಲಿ ಹುಟ್ಟಿದವ ನನ್ನ ಮಂಡಿಯನ್ನು ಯಾವತ್ತೂ ಕೇಳಿದವನಲ್ಲ. ಪ್ರಾಯ ಆಗುವಾಗ ಬುದ್ಧಿ ಬಂತು ಅಂತ ಖುಷಿಪಟ್ಟೆ."

ರಹ್ಮತ್ ಕುರ್ಚಿಯಿಂದ ಜಾರಿ ಅವರ ಕಾಲ ಬಳಿ ಕೂತಳು. "ಅಣ್ಣನಿಗೆ ಹೇಳಬೇಡಿ ಉಮ್ಮ. ನಾನು ಅಲ್ಲಿಗೆ ಹೋಗುವುದಿಲ್ಲ. ನಿಮ್ಮ ಮಗ ಇಲ್ಲದಿದ್ದರೆ ಬೇಡ. ನಾನು ಆ ಮನೆಯಲ್ಲಿ ಅವರ ಹೆಂಡತಿ ಅಂತ ಇದ್ದದ್ದಲ್ಲ. ನಿಮ್ಮ ಮಗಳು ಅಂತ ಇದ್ದದ್ದು."

ಅವ್ವಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು.

"ಹೌದು, ಮಗಳು. ಮಗಳನ್ನು ಯಾರು ಮಗಾ ಮನೆಯಲ್ಲಿ ಇಟ್ಟುಕೊಳ್ಳುವುದು? ಸೊಸೆಯಾಗಿದ್ದರೆ ನಾನು ಇಟ್ಟುಕೊಳ್ಳುತ್ತಿದ್ದೆ, ನನ್ನ ಕಾಲು ಒತ್ತಿಸಿಕೊಂಡು, ಸಾಯುವವರೆಗೆ. ಮಗಳು ಅಂತ ನೀನೇ ಹೇಳಿದೆ. ಮಗಳನ್ನು ಕಳಿಸಬೇಕಾಗ್ತದೆ. ನಿನಗೆ ಪ್ರಾಯ ಉಂಟು. ಹಸೈನಾರ್ ಒಳ್ಳೆಯ ಕಡೆ ನೋಡ್ತಾನೆ."

"ನಾನು ಸೊಸೆಯೇ. ಮಗಳಲ್ಲ. ತಪ್ಪಿ ಹೇಳಿದೆ."

"ತಪ್ಪಿ ಹೇಳಿದ್ದಲ್ಲ ಅದು."

ದೀಪಶ್ರೀಯ ಮೇಜಿನ ಫೋನಿನಿಂದಲೇ ಮೂಡುಬಿದಿರೆಗೆ ಮಾತಾಡಿದ್ದು. ಅವ್ವಮ್ಮನಿಗೆ ಫೋನು ಸರಿ ಕೇಳುವುದಿಲ್ಲವಲ್ಲ. ಅವರು ಹೇಳಿದ್ದನ್ನು ದೀಪಶ್ರೀ ಹೇಳಿದಳು, ಹಸೈನಾರ್ ಹೇಳಿದ್ದನ್ನು ಅವರ ಕಿವಿಗೆ ಬಗ್ಗಿ ಹೇಳಿದಳು. ಒಂದೆರಡು ಮಾತು ತಾನೇ ತಿರುಚಿ ಹೇಳಿಬಿಡೋಣ ಎಂದು ನಾಲಿಗೆಯ ತುದಿಯವರೆಗೆ ಬಂತು. ಅವ್ವಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು.

ನಾಳೆಯೇ ಬರುತ್ತೇನೆ ಎಂದ ಹಸೈನಾರನಿಗೆ, ಬೇಡ, ಒಂದು ವಾರ ಬಿಟ್ಟು ನಾನೇ ಬಸ್ಸು ಹತ್ತಿಸುತ್ತೇನೆ ಎಂದಿದ್ದರು ಅವ್ವಮ್ಮ. ಮುಂದಿನ ಶುಕ್ರವಾರ ಅವರಿಬ್ಬರೂ ಮತ್ತೆ ಪೇಟೆಗೆ ಬಂದರು. ರಹ್ಮತಳ ಕೈಯಲ್ಲಿ ಬಟ್ಟೆಯ ಪೆಟ್ಟಿಗೆ. ಮಗಳನ್ನು ಹಳೆ ಬಟ್ಟೆಯಲ್ಲಿ ಕಳಿಸಬಾರದು ಎಂದು ಶರೀಫಣ್ಣನ ಅಂಗಡಿಯಲ್ಲಿ ಅವ್ವಮ್ಮ ಸೀರೆ ತೆಗೆಸಿದರು. ರಹ್ಮತ್ ಯಾವುದನ್ನು ತೋರಿಸಿದರೂ ಬೇಡ ಎಂದಳು. ಕೊನೆಗೆ ಅವ್ವಮ್ಮ ತಾವೇ ಒಂದು ಎಲೆಹಸಿರಿನದನ್ನು ಆರಿಸಿದರು.

"ಇದು ಬಣ್ಣ ಬಿಡ್ತದಾ ಶರೀಫಾ?"

"ಇಲ್ಲ ಉಮ್ಮ. ಬಿಟ್ಟರೆ ವಾಪಸು ತನ್ನಿ" ಎಂದು ಅಭ್ಯಾಸದಲ್ಲಿ ಹೇಳಿದ ಶರೀಫಣ್ಣ, ಇನ್ನು ವಾಪಸು ತರುವವರು ಯಾರು ಎಂಬುದು ನೆನಪಾಗಿ ಸೀರೆ ಮಡಚುತ್ತ ಆ ಕಡೆ ತಿರುಗಿದರು. ದೀಪಶ್ರೀಗೆ ಅಂದು ಅವರೇ, ನೀನೂ ಹೋಗು, ಅವರ ಜೊತೆಗಿರು ಎಂದರು.

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಗುರುವಾಯನಕೆರೆಯಲ್ಲಿ ವೇಣೂರಿನ ದಾರಿಗೆ ತಿರುಗುತ್ತದೆ. ಅವ್ವಮ್ಮ ಗುರುವಾಯನಕೆರೆಯಲ್ಲಿ ಇಳಿಯಬೇಕು, ದೀಪಶ್ರೀ ಅದರ ಮುಂದೆ ಗರ್ಡಾಡಿಯಲ್ಲಿ. ಹೆಂಗಸರ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಕಂಡಕ್ಟರ್ ಪರಿಚಯದವನೇ.

"ಎರಡು ಗುರುವಾಯನಕೆರೆಯಾ ಉಮ್ಮ?"

"ಅಲ್ಲ. ಒಂದು ಗುರುವಾಯನಕೆರೆ. ಒಂದು ಮೂಡುಬಿದಿರೆ."

"ಏನು, ಸೊಸೆಯನ್ನು ಓಡಿಸ್ತೀರಾ?" ಎಂದು ಅವನು ನಕ್ಕ. ಅವನಿಗೇನು ಗೊತ್ತು.

"ಸೊಸೆ ಅಲ್ಲ," ಎಂದರು ಅವ್ವಮ್ಮ. "ಚೀಟಿ ಕೊಡು."

ದಾರಿಯುದ್ದಕ್ಕೂ ಅವ್ವಮ್ಮ ಬರೀ ಸಣ್ಣಪುಟ್ಟದ್ದೇ ಮಾತಾಡಿದರು. ಅತ್ತಿಗೆ ಕೆಲಸ ಹೇಳುವ ಮೊದಲೇ ಮಾಡು. ಅಕ್ಕಿ ಹೆಚ್ಚು ಹೊತ್ತು ನೆನೆಹಾಕಬೇಡ, ನಿನಗೆ ಆ ಅಭ್ಯಾಸ ಉಂಟು, ರೊಟ್ಟಿ ಹುಳಿಯಾಗ್ತದೆ. ಮುಂದೆ ನೋಡುವ ಗಂಡಿಗೆ ಉಮ್ಮ ಇದ್ದಾಳಾ ಅಂತ ಕೇಳು, ಇದ್ದರೆ ಒಳ್ಳೆಯದು. ರಹ್ಮತ್ ಅವರ ತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದೀಪಶ್ರೀ ಕಿಟಕಿಯ ಹೊರಗೆ ನೋಡುತ್ತಿದ್ದಳು, ಏನೂ ಕಾಣುತ್ತಿರಲಿಲ್ಲ.

ಗುರುವಾಯನಕೆರೆಯಲ್ಲಿ ಬಸ್ಸು ನಿಂತಿತು. ಅವ್ವಮ್ಮ ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಎದ್ದು, ಕಂಬ ಹಿಡಿದು ಇಳಿದರು. ಅವರ ಹಿಂದೆಯೇ ರಹ್ಮತ್ ಎದ್ದಳು. ಪೆಟ್ಟಿಗೆಯನ್ನೂ ಬಿಟ್ಟು ಬಾಗಿಲಿನ ಮೆಟ್ಟಿಲಿಗೆ ಬಂದಳು. ಒಂದು ಕಾಲು ಕೆಳಗೆ ಇಡಲು ಎತ್ತಿದ್ದಳು. ದೀಪಶ್ರೀ ಹಿಂದಿನಿಂದ ಅವಳ ಭುಜ ಹಿಡಿದಳು. ಹಿಡಿದದ್ದು ನಿಲ್ಲಿಸಲೋ ಇಳಿಸಲೋ ಅವಳಿಗೇ ತಿಳಿಯಲಿಲ್ಲ.

ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಯಾರದೋ ಮೂಟೆ ಇಳಿಸುತ್ತಿದ್ದ. ಅವ್ವಮ್ಮ ಕೆಳಗಿನಿಂದ ರಹ್ಮತಳನ್ನು ಒಮ್ಮೆ ನೋಡಿದರು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿ, ಕೈಯೆತ್ತಿ, ಬಸ್ಸಿನ ತಗಡಿಗೆ ಪಟ ಪಟ ಎಂದು ಎರಡು ಸಲ ಬಡಿದು, ಬಸ್ಸು ಹೊರಡಿಸುವ ಕಂಡಕ್ಟರನ ಹಾಗೆ, ಡ್ರೈವರಿಗೆ ಕೇಳುವಷ್ಟು ದೊಡ್ಡ ಸ್ವರದಲ್ಲಿ ಹೇಳಿದರು:

"ರೈಟ್, ಪೋಯಿ."